ನ್ಯೂ ಸೌತ್ ವೇಲ್ಸ್ ವಸಾಹತಿನ ಸರ್ಕಾರಿ ಪ್ರಕಟಣೆಗಳು ಮತ್ತು ನೇಮಕಗಳು (1788–1856): ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ 1788ರಲ್ಲಿ ಗಡೀಪಾರಾದ ಕೈದಿಗಳ ನೆಲೆಯಾಗಿ ಆರಂಭವಾದ ನ್ಯೂ ಸೌತ್ ವೇಲ್ಸ್, ತನ್ನ ಆಡಳಿತದ ಸಣ್ಣಪುಟ್ಟ ನಿರ್ಧಾರಗಳನ್ನೂ ಅಚ್ಚು ಹಾಕಿಸಿ ಉಳಿಸಿದ ವಸಾಹತು. ಇತಿಹಾಸದ ವಿದ್ಯಾರ್ಥಿಗಳು, ವಂಶಾವಳಿ ಹುಡುಕುವವರು ಮತ್ತು ವಸಾಹತು ಆಡಳಿತದ ಬಗ್ಗೆ ಕುತೂಹಲವುಳ್ಳ ಓದುಗರು ಈ ಪ್ರಕಟಣೆಗಳ ಬಗ್ಗೆ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಉತ್ತರಗಳೊಂದಿಗೆ ಕೊಡಲಾಗಿದೆ.

ಅಚ್ಚಿನ ಪತ್ರಿಕೆ ಬರುವ ಮೊದಲು ಸರ್ಕಾರದ ಆದೇಶಗಳು ಜನರಿಗೆ ತಿಳಿಯುತ್ತಿದ್ದದ್ದು ಹೇಗೆ?

ಓದಿ ಹೇಳುವುದರ ಮೂಲಕ. ಮೊದಲ ಗವರ್ನರ್ ಆರ್ಥರ್ ಫಿಲಿಪ್ ಅವರ ನೇಮಕ ಪತ್ರವನ್ನೇ 1788ರ ಫೆಬ್ರವರಿ 7ರಂದು, ಸೈನಿಕರನ್ನೂ ಕೈದಿಗಳನ್ನೂ ಒಂದೆಡೆ ಸೇರಿಸಿ, ಜಡ್ಜ್ ಅಡ್ವೊಕೇಟ್ (ವಸಾಹತಿನ ಮುಖ್ಯ ಕಾನೂನು ಅಧಿಕಾರಿ) ಡೇವಿಡ್ ಕಾಲಿನ್ಸ್ ಬಹಿರಂಗವಾಗಿ ಓದಿದರು. ಆ ದಿನ ಅಲ್ಲಿ ಕುಳಿತಿದ್ದ ಬಹುಪಾಲು ಕೈದಿಗಳಿಗೆ, ತಮ್ಮ ಮೇಲೆ ಇನ್ನು ಮುಂದೆ ಯಾರಿಗೆ ಎಷ್ಟು ಅಧಿಕಾರವಿದೆ ಎಂಬುದು ಕಿವಿಯಿಂದಲೇ ತಿಳಿಯಿತು. ಆ ಬಳಿಕವೂ ಆದೇಶಗಳನ್ನು ಕೈಬರಹದಲ್ಲಿ ನಕಲು ಮಾಡಿ ಅಂಟಿಸುವುದು ಮತ್ತು ಭಾನುವಾರದ ಚರ್ಚ್ ಪ್ರಾರ್ಥನೆಯ ಹೊತ್ತಿನಲ್ಲಿ ಪಾದ್ರಿಯಿಂದ ಓದಿಸುವುದು ವಾಡಿಕೆಯಾಗಿತ್ತು.

ಕೈದಿಗಳನ್ನು ಹೊತ್ತು ಬಂದ ಮೊದಲ ಹಡಗು ತಂಡದಲ್ಲೇ ಒಂದು ಸಣ್ಣ ಮರದ ಅಚ್ಚುಯಂತ್ರವೂ ಬಂದಿತ್ತು. ಆದರೆ ಅದನ್ನು ನಡೆಸಬಲ್ಲವರಿಲ್ಲದೆ ಅದು ಹಲವು ವರ್ಷ ಸುಮ್ಮನೆ ಬಿದ್ದಿತ್ತು. 1790ರ ದಶಕದ ಮಧ್ಯದಲ್ಲಿ, ಗವರ್ನರ್ ಜಾನ್ ಹಂಟರ್ ಅವರ ಕಾಲದಲ್ಲಿ, ಜಾರ್ಜ್ ಹ್ಯೂಸ್ ಎಂಬಾತ ಅದನ್ನು ಬಳಸಿ ಸರ್ಕಾರಿ ಆದೇಶಗಳನ್ನು ಬಿಡಿ ಹಾಳೆಗಳಲ್ಲಿ ಅಚ್ಚು ಹಾಕತೊಡಗಿದ.

‘ಸಿಡ್ನಿ ಗೆಜೆಟ್’ ಸರ್ಕಾರದ ಪತ್ರಿಕೆಯಾಗಿತ್ತೆ, ಖಾಸಗಿ ಪತ್ರಿಕೆಯಾಗಿತ್ತೆ?

ಎರಡೂ ಹೌದು. ಇದನ್ನು ಮೊದಲೇ ತಿಳಿದುಕೊಂಡು ಪುಟ ತೆರೆಯುವುದು ಒಳ್ಳೆಯದು. 1803ರ ಮಾರ್ಚ್ 5, ಶನಿವಾರ, ಗವರ್ನರ್ ಫಿಲಿಪ್ ಗಿಡ್ಲಿ ಕಿಂಗ್ ಅವರ ಅನುಮತಿಯಿಂದ ಆರಂಭವಾದ ನಾಲ್ಕು ಪುಟಗಳ ಈ ವಾರಪತ್ರಿಕೆಯ ಮುದ್ರಕ ಮತ್ತು ಸಂಪಾದಕ ಜಾರ್ಜ್ ಹೋವ್ ಸ್ವತಃ ಕೈದಿ. ವೆಸ್ಟ್ ಇಂಡೀಸಿನಲ್ಲಿ ಹುಟ್ಟಿ, ಅಂಗಡಿ ಕಳ್ಳತನದ ಆರೋಪದಲ್ಲಿ ಶಿಕ್ಷೆಗೊಳಗಾಗಿ 1800ರಲ್ಲಿ ಸಿಡ್ನಿಗೆ ಬಂದ ಆತ ಮುದ್ರಣದ ಕಸುಬು ಬಲ್ಲವನಾಗಿದ್ದ. 1802ರಲ್ಲಿ ಆತ ಅಚ್ಚು ಹಾಕಿದ, ವಸಾಹತಿನ ಸ್ಥಾಯಿ ಆದೇಶಗಳ ಸಂಕಲನವೇ ಆಸ್ಟ್ರೇಲಿಯಾದಲ್ಲಿ ಮುದ್ರಣಗೊಂಡ ಮೊದಲ ಪುಸ್ತಕ. ಅಂದರೆ ಆ ಖಂಡದ ಮೊದಲ ಪುಸ್ತಕ ಕಥೆಯಲ್ಲ, ಕಾವ್ಯವಲ್ಲ, ಸರ್ಕಾರದ ಅಪ್ಪಣೆಗಳ ಕಟ್ಟು.

ಪತ್ರಿಕೆ ಗವರ್ನರ್ ಭವನದ ಹಿಂದಿನ ಒಂದು ಕೊಟ್ಟಿಗೆಯಂಥ ಕಟ್ಟಡದಲ್ಲಿ ಅಚ್ಚಾಗುತ್ತಿತ್ತು. ಅಚ್ಚಿಗೆ ಹೋಗುವ ಪ್ರತಿಯೊಂದು ಸಾಲನ್ನೂ ಸರ್ಕಾರದ ಕಡೆಯಿಂದ ಪರಿಶೀಲಿಸಲಾಗುತ್ತಿತ್ತು. ಆದರೂ ಕಾಗದ, ಶಾಯಿಗಳ ಖರ್ಚು ಮತ್ತು ಚಂದಾ ಹಣ ವಸೂಲಿ ಮಾಡುವ ಕಷ್ಟ ಹೋವ್‌ನ ಪಾಲಿಗೇ ಇತ್ತು. 1811ರಲ್ಲಷ್ಟೇ ಅವನಿಗೆ ವರ್ಷಕ್ಕೆ 60 ಪೌಂಡ್ ಸರ್ಕಾರಿ ಸಂಬಳ ಗೊತ್ತಾಯಿತು. ಕಾಗದ ಸಿಗದ ಕಾಲದಲ್ಲಿ ಪುಟಗಳ ಅಳತೆ ಬದಲಾಗುತ್ತಿತ್ತು. 1807ರ ಆಗಸ್ಟ್ ಕೊನೆಯಿಂದ 1808ರ ಮೇ ಮಧ್ಯದವರೆಗೆ ಪತ್ರಿಕೆ ನಿಂತೇಹೋಗಿತ್ತು. ಈ ತಿಂಗಳುಗಳ ನೇಮಕಗಳನ್ನು ಗೆಜೆಟ್‌ನಲ್ಲಿ ಹುಡುಕಿ ಪ್ರಯೋಜನವಿಲ್ಲ, ಪತ್ರವ್ಯವಹಾರದ ಕಡತಗಳಿಗೇ ಹೋಗಬೇಕು.

ಪತ್ರಿಕೆಯಲ್ಲಿ ಅಚ್ಚಾದ ಮಾತ್ರಕ್ಕೆ ಒಂದು ಆದೇಶ ಎಲ್ಲರಿಗೂ ಅನ್ವಯವಾಗುತ್ತಿತ್ತೆ?

ಅನ್ವಯವಾಗುತ್ತಿತ್ತು. ಸಿಡ್ನಿ ಗೆಜೆಟ್ ಈ ಮಾತನ್ನು ಮೊದಲ ಸಂಚಿಕೆಯಲ್ಲೇ ಅಧಿಕೃತವಾಗಿ ಸಾರಿತು. ವಸಾಹತಿನ ಕಾರ್ಯದರ್ಶಿ ಅಥವಾ ಅಧಿಕಾರ ಪಡೆದ ಬೇರೆ ಅಧಿಕಾರಿಯ ಸಹಿಯೊಂದಿಗೆ ಇಲ್ಲಿ ಪ್ರಕಟವಾದ ಯಾವುದೇ ಆದೇಶ ಅಥವಾ ಪ್ರಕಟಣೆಯನ್ನು, ಸಂಬಂಧಪಟ್ಟ ವ್ಯಕ್ತಿಗೆ ನೇರವಾಗಿ ತಿಳಿಸಿದಷ್ಟೇ ಸಮರ್ಪಕವಾದ ತಿಳಿವಳಿಕೆಯೆಂದು ಭಾವಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. ಈ ಒಂದು ಸೂಚನೆಯೇ ಗೆಜೆಟ್ ಎಂಬ ವ್ಯವಸ್ಥೆಯ ಜೀವಾಳ ಎಂದು ನಾನು ತಿಳಿದಿದ್ದೇನೆ. ಇಂದು ಹೆಸರು ಬದಲಾಯಿಸಿಕೊಂಡವರು ಕರ್ನಾಟಕ ರಾಜ್ಯಪತ್ರದಲ್ಲಿ ಅದನ್ನು ಪ್ರಕಟಿಸುವುದರ ಹಿಂದೆ ಇರುವುದೂ ಇದೇ ತರ್ಕ: ಪ್ರಕಟವಾದ ಮೇಲೆ, ಗೊತ್ತಿರಲಿಲ್ಲ ಎನ್ನಲು ಯಾರಿಗೂ ಆಸ್ಪದವಿಲ್ಲ.

ಆದರೆ ಆ ವಸಾಹತಿನಲ್ಲಿ ಓದಲು ಬಾರದವರು ಬಹಳ ಮಂದಿ ಇದ್ದರು, ಪತ್ರಿಕೆ ತಲುಪದ ಹಳ್ಳಿಗಾಡೂ ಬಹಳವಿತ್ತು. ಕಾನೂನಿನ ಕಣ್ಣಿನಲ್ಲಿ ತಿಳಿದಿದ್ದವರಿಗೂ ನಿಜವಾಗಿ ತಿಳಿದಿದ್ದವರಿಗೂ ನಡುವೆ ಇದ್ದ ಈ ಅಂತರವನ್ನು ಓದುಗರು ಮರೆಯಬಾರದು. ಮುಂದೆ ಬರುವ ಮೂಲನಿವಾಸಿಗಳ ಪ್ರಶ್ನೆಯಲ್ಲಿ ಅದರ ಕ್ರೂರ ಮುಖ ಕಾಣುತ್ತದೆ.

1832ರಲ್ಲಿ ಬೇರೊಂದು ಗೆಜೆಟ್ ಆರಂಭವಾದದ್ದು ಏಕೆ?

1824ರಲ್ಲಿ ಪತ್ರಿಕೆಗಳ ಮೇಲಿನ ಸರ್ಕಾರಿ ಪೂರ್ವಪರಿಶೀಲನೆ ಕೊನೆಗೊಂಡಿತು. ಕೆಲವೇ ವರ್ಷಗಳಲ್ಲಿ ಸಿಡ್ನಿಯಲ್ಲಿ ಹಲವು ಪತ್ರಿಕೆಗಳು ತಲೆಯೆತ್ತಿ, ಸರ್ಕಾರವನ್ನು ಕಟುವಾಗಿ ಟೀಕಿಸುವವರೂ ಹುಟ್ಟಿಕೊಂಡರು. ಇಂಥ ವಾತಾವರಣದಲ್ಲಿ ಖಾಸಗಿ ಪತ್ರಿಕೆಯೊಂದು ಸರ್ಕಾರದ ಅಧಿಕೃತ ಬಾಯಿಯಾಗಿ ಮುಂದುವರಿಯುವುದು ಎರಡೂ ಕಡೆಗೆ ಇರುಸುಮುರುಸಾಯಿತು. ಗವರ್ನರ್ ರಿಚರ್ಡ್ ಬರ್ಕ್ ಬಂದ ಕೆಲವೇ ತಿಂಗಳಲ್ಲಿ, 1832ರ ಮಾರ್ಚ್ 7ರಂದು, ಸರ್ಕಾರಿ ವಿಷಯಗಳಿಗೆ ಮೀಸಲಾದ ‘ನ್ಯೂ ಸೌತ್ ವೇಲ್ಸ್ ಗವರ್ನಮೆಂಟ್ ಗೆಜೆಟ್’ ಹೊರಬಂದಿತು. ಹಳೆಯ ಸಿಡ್ನಿ ಗೆಜೆಟ್ ಸಾಮಾನ್ಯ ಸುದ್ದಿಪತ್ರಿಕೆಯಾಗಿ 1842ರವರೆಗೆ ಬದುಕಿತ್ತು. ಹೆಸರಿನಲ್ಲಿ ‘ಗೆಜೆಟ್’ ಇದೆಯೆಂದು 1832ರ ನಂತರದ ಸಿಡ್ನಿ ಗೆಜೆಟ್ಟನ್ನು ಅಧಿಕೃತ ದಾಖಲೆಯೆಂದು ಉಲ್ಲೇಖಿಸುವ ತಪ್ಪು ಸಂಶೋಧನ ಪ್ರಬಂಧಗಳಲ್ಲಿ ನುಸುಳುವ ಸಂಭವ ಇರುವುದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಘೋಷಣೆ, ಸರ್ಕಾರಿ ಆದೇಶ, ಸರ್ಕಾರಿ ಪ್ರಕಟಣೆ: ಇವುಗಳ ನಡುವೆ ವ್ಯತ್ಯಾಸವೇನು?

ಘೋಷಣೆ ಎಂಬುದು ರಾಜಮುದ್ರೆಯ ಗಾಂಭೀರ್ಯದೊಂದಿಗೆ ಗವರ್ನರರ ಹೆಸರಿನಲ್ಲೇ ಹೊರಡುವ ದಾಖಲೆ. ಗಡಿಗಳ ನಿರ್ಣಯ, ಹೊಸ ಪ್ರದೇಶಗಳ ಸೇರ್ಪಡೆ, ರಾಜಸ್ವತ್ತಿನ ಹಕ್ಕು ಸಾಧನೆ ಇಂಥ ದೊಡ್ಡ ವಿಷಯಗಳಿಗೆ ಅದನ್ನು ಬಳಸುತ್ತಿದ್ದರು. ಕೊನೆಯಲ್ಲಿ ‘ದೇವರು ದೊರೆಯನ್ನು ಕಾಪಾಡಲಿ’ ಎಂಬ ಸಾಲು ಇರುತ್ತಿತ್ತು. ಸರ್ಕಾರಿ ಆದೇಶ ಆಡಳಿತದ ನಿತ್ಯ ಅಪ್ಪಣೆ. ಸರ್ಕಾರಿ ಪ್ರಕಟಣೆ ಇವೆರಡಕ್ಕಿಂತ ಹಗುರವಾದದ್ದು, ಸಾಮಾನ್ಯವಾಗಿ ವಸಾಹತು ಕಾರ್ಯದರ್ಶಿಯ ಕಚೇರಿಯಿಂದ ‘ಗವರ್ನರರ ಅಪ್ಪಣೆಯ ಮೇರೆಗೆ’ ಎಂಬ ಒಕ್ಕಣೆಯೊಂದಿಗೆ ಹೊರಡುತ್ತಿತ್ತು. 1826ರಿಂದ 1837ರವರೆಗಿನ ಪ್ರಕಟಣೆಗಳ ಕೆಳಗೆ ಅಲೆಗ್ಸಾಂಡರ್ ಮೆಕ್ಲೇ ಹೆಸರೂ, ಆ ಬಳಿಕ 1856ರವರೆಗೆ ಎಡ್ವರ್ಡ್ ಡೀಸ್ ಥಾಮ್ಸನ್ ಹೆಸರೂ ಮತ್ತೆ ಮತ್ತೆ ಎದುರಾಗುತ್ತವೆ.

ನೇಮಕಗಳನ್ನು ಮಾಡುತ್ತಿದ್ದವರು ಯಾರು? ಗವರ್ನರ್‌ಗೆ ಪೂರ್ಣ ಅಧಿಕಾರವಿತ್ತೆ?

ಕಾಗದದ ಮೇಲೆ ಎಲ್ಲವೂ ದೊರೆಯ ಹೆಸರಿನಲ್ಲಿ ನಡೆಯುತ್ತಿತ್ತು. ಕಾರ್ಯತಃ ಮೂರು ಹಂತಗಳಿದ್ದವು. ಮುಖ್ಯ ನ್ಯಾಯಾಧೀಶ, ವಸಾಹತು ಕಾರ್ಯದರ್ಶಿ, ಸರ್ವೇಯರ್ ಜನರಲ್ (ಭೂಮಾಪನದ ಮುಖ್ಯಸ್ಥ) ಮೊದಲಾದ ಮೇಲ್ದರ್ಜೆಯ ಹುದ್ದೆಗಳಿಗೆ ಲಂಡನ್ನಿನಲ್ಲೇ ಆಯ್ಕೆಯಾಗುತ್ತಿತ್ತು. ಮೊದಲ ಮುಖ್ಯ ನ್ಯಾಯಾಧೀಶ ಫ್ರಾನ್ಸಿಸ್ ಫೋರ್ಬ್ಸ್ ಹಾಗೆ ಬಂದವರು. ಥಾಮಸ್ ಮಿಚೆಲ್ ಮೊದಲು ಸಹಾಯಕರಾಗಿ ಬಂದು, 1828ರಲ್ಲಿ ಜಾನ್ ಆಕ್ಸ್‌ಲಿ ತೀರಿಕೊಂಡಾಗ ಸರ್ವೇಯರ್ ಜನರಲ್ ಹುದ್ದೆಗೆ ಏರಿದರು. ಎರಡನೆಯ ಹಂತದಲ್ಲಿ ಮ್ಯಾಜಿಸ್ಟ್ರೇಟರು, ಜಮೀನು ಕಮಿಷನರರು, ಅಂಚೆ ಮಾಸ್ತರರು, ನ್ಯಾಯಾಲಯದ ಗುಮಾಸ್ತರು ಮುಂತಾದವರನ್ನು ಗವರ್ನರ್ ನೇಮಿಸುತ್ತಿದ್ದರು. ಆದರೆ ಇವುಗಳಲ್ಲಿ ಮುಖ್ಯವಾದವುಗಳನ್ನು ಲಂಡನ್ನಿನ ವಸಾಹತು ಮಂತ್ರಿ ಒಪ್ಪುವವರೆಗೆ ಅವು ತಾತ್ಕಾಲಿಕವಾಗಿಯೇ ಉಳಿಯುತ್ತಿದ್ದವು. ಮೂರನೆಯ ಹಂತದ ಕಾನ್‌ಸ್ಟೇಬಲ್‌ಗಳು, ದೊಡ್ಡಿ ಕಾಯುವವರು ಮೊದಲಾದವರ ಆಯ್ಕೆಯಲ್ಲಿ ಸ್ಥಳೀಯ ಮ್ಯಾಜಿಸ್ಟ್ರೇಟರ ಮಾತೇ ನಡೆಯುತ್ತಿತ್ತು.

ಹಾಯಿಹಡಗಿನಲ್ಲಿ ಒಂದು ಪತ್ರ ಸಿಡ್ನಿಯಿಂದ ಲಂಡನ್ನಿಗೆ ತಲುಪಲು ನಾಲ್ಕೈದು ತಿಂಗಳು ಬೇಕಾಗುತ್ತಿತ್ತು, ಉತ್ತರಕ್ಕೆ ಮತ್ತೆ ಅಷ್ಟೇ. ಹೀಗಾಗಿ ಒಬ್ಬ ಅಧಿಕಾರಿ ವರ್ಷದುದ್ದಕ್ಕೂ ಹಂಗಾಮಿಯಾಗಿ ಕೆಲಸ ಮಾಡಿ, ಕೊನೆಗೆ ತನ್ನ ಹುದ್ದೆ ಲಂಡನ್ನಿನಿಂದ ಹಡಗೇರಿ ಬಂದ ಬೇರೊಬ್ಬನಿಗೆ ಹೋದದ್ದನ್ನು ಗೆಜೆಟ್‌ನಲ್ಲಿ ಓದಬೇಕಾದ ಪ್ರಸಂಗವೂ ಒದಗಬಹುದಿತ್ತು.

ನೇಮಕದ ಒಕ್ಕಣೆಯನ್ನು ಓದುವಾಗ ಯಾವುದನ್ನು ಗಮನಿಸಬೇಕು?

ನಾಲ್ಕು ಸಂಗತಿಗಳು ಮುಖ್ಯ. ನೇಮಕ ಖಾಯಮ್ಮೋ ಹಂಗಾಮಿಯೋ ಎಂಬುದು ಮೊದಲನೆಯದು. ಯಾರ ಸ್ಥಾನಕ್ಕೆ ನೇಮಕವಾಯಿತು, ಆ ಸ್ಥಾನ ತೆರವಾದದ್ದು ರಾಜೀನಾಮೆಯಿಂದಲೋ ಮರಣದಿಂದಲೋ ವಜಾದಿಂದಲೋ ಎಂಬುದು ಎರಡನೆಯದು. ‘ಇಂಥವರ ಬದಲಿಗೆ’ ಎಂಬ ಒಂದೇ ಪದದಲ್ಲಿ ಕೆಲವೊಮ್ಮೆ ಇಡೀ ಜಗಳ ಅಡಗಿರುತ್ತದೆ. ಪ್ರಕಟಣೆಯ ಕೆಳಗಿನ ತಾರೀಖಿಗೂ ಸಂಚಿಕೆಯ ತಾರೀಖಿಗೂ ನೇಮಕ ಜಾರಿಗೆ ಬಂದ ತಾರೀಖಿಗೂ ವ್ಯತ್ಯಾಸ ಇರಬಹುದು ಎಂಬುದು ಮೂರನೆಯದು. ನಾಲ್ಕನೆಯದು ಹೆಸರಿನ ಕಾಗುಣಿತ: ಒಂದೇ ಮನುಷ್ಯನ ಹೆಸರು ಎರಡು ಸಂಚಿಕೆಗಳಲ್ಲಿ ಎರಡು ರೀತಿ ಅಚ್ಚಾಗಿರುವುದು ಸಾಮಾನ್ಯ.

ಸಂಬಳದ ವಿವರ ಗೆಜೆಟ್‌ನಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ. ಅದಕ್ಕೆ 1820ರ ದಶಕದಿಂದ ವಸಾಹತು ಪ್ರತಿವರ್ಷ ಲಂಡನ್ನಿಗೆ ಕಳುಹಿಸುತ್ತಿದ್ದ ‘ಬ್ಲೂ ಬುಕ್’ ಎಂಬ ವಾರ್ಷಿಕ ಪಟ್ಟಿ ನೋಡಬೇಕು. ಅಧಿಕಾರಿಯ ಹೆಸರು, ನೇಮಕದ ದಿನಾಂಕ ಮತ್ತು ಸಂಬಳ ಅದರಲ್ಲಿ ಒಂದೇ ಸಾಲಿನಲ್ಲಿ ಸಿಗುತ್ತವೆ.

ಒಮ್ಮೆ ಆದ ನೇಮಕಗಳನ್ನು ಒಟ್ಟಾಗಿ ರದ್ದುಪಡಿಸಿದ ಉದಾಹರಣೆ ಇದೆಯೆ?

ಇದೆ. 1808ರ ಜನವರಿ 26ರಂದು ಸೈನ್ಯದ ಅಧಿಕಾರಿಗಳು ಗವರ್ನರ್ ವಿಲಿಯಂ ಬ್ಲೈ ಅವರನ್ನು ಬಂಧಿಸಿ ತಾವೇ ಆಡಳಿತ ವಹಿಸಿಕೊಂಡರು. ಸುಮಾರು ಎರಡು ವರ್ಷ ಅವರೇ ಹುದ್ದೆಗಳನ್ನು ಹಂಚಿದರು, ಜಮೀನು ಕೊಟ್ಟರು, ವಿಚಾರಣೆಗಳನ್ನು ನಡೆಸಿದರು. 1810ರ ಜನವರಿ 1ರಂದು ಅಧಿಕಾರ ವಹಿಸಿಕೊಂಡ ಲಾಕ್‌ಲನ್ ಮೆಕ್ವಾರಿ ಮೂರೇ ದಿನಗಳಲ್ಲಿ, ಜನವರಿ 4ರ ಘೋಷಣೆಯ ಮೂಲಕ, ಬಂಡಾಯದ ಆಡಳಿತ ಮಾಡಿದ್ದ ನೇಮಕಗಳು, ಭೂಮಂಜೂರಾತಿಗಳು ಮತ್ತು ನ್ಯಾಯವಿಚಾರಣೆಗಳು ಅಸಿಂಧು ಎಂದು ಸಾರಿದರು. ಬಂಡಾಯಗಾರರು ಕಿತ್ತುಹಾಕಿದ್ದ ಅಧಿಕಾರಿಗಳು ಮರಳಿ ತಮ್ಮ ಕುರ್ಚಿಗೆ ಬಂದರು. ಜಮೀನು ಪಡೆದವರು ತಮ್ಮ ಪತ್ರಗಳನ್ನು ಒಪ್ಪಿಸಬೇಕಾಯಿತು. ಆ ಮಂಜೂರಾತಿಗಳಲ್ಲಿ ಅನೇಕವನ್ನು ಮೆಕ್ವಾರಿ ಪರಿಶೀಲಿಸಿ ಮತ್ತೆ ಊರ್ಜಿತಗೊಳಿಸಿದರು. 1808 ಮತ್ತು 1809ರ ಯಾವುದೇ ನೇಮಕ ಕಣ್ಣಿಗೆ ಬಿದ್ದರೆ, 1810ರ ಪುಟಗಳನ್ನೂ ನೋಡದೆ ಅದನ್ನು ನೆಚ್ಚಕೂಡದು.

ಕೈದಿಗಳಾಗಿ ಬಂದವರಿಗೆ ಸರ್ಕಾರಿ ಹುದ್ದೆ ಸಿಗುತ್ತಿತ್ತೆ?

ಸಿಗುತ್ತಿತ್ತು, ಮತ್ತು ವಸಾಹತಿನ ಅತಿ ದೊಡ್ಡ ರಾಜಕೀಯ ಕದನ ನಡೆದದ್ದು ಇದರ ಸುತ್ತಲೇ. 1789ರ ಆಗಸ್ಟ್‌ನಲ್ಲಿ ಫಿಲಿಪ್ ರಾತ್ರಿ ಗಸ್ತಿಗೆಂದು ನೇಮಿಸಿದ 12 ಮಂದಿ ಕೈದಿಗಳೇ ಸಿಡ್ನಿಯ ಮೊದಲ ಪೊಲೀಸರು. ಬೇರೆ ಜನ ಇಲ್ಲದ ಕಾರಣಕ್ಕೆ ಆಗಿದ್ದ ವ್ಯವಸ್ಥೆ ಅದು. ಮೆಕ್ವಾರಿ ಮಾಡಿದ್ದು ಬೇರೆ. ಶಿಕ್ಷೆ ಮುಗಿದ ಮೇಲೆ ಮನುಷ್ಯನ ಹಿಂದಿನದನ್ನು ಎತ್ತಿ ಆಡಬಾರದು, ಯೋಗ್ಯನಾದವನು ಯಾವ ಹುದ್ದೆಗೂ ಅರ್ಹ ಎಂಬುದು ಅವರ ದೃಢವಾದ ನಿಲುವಾಗಿತ್ತು. ಬಟ್ಟೆ ಕದ್ದ ಆರೋಪದ ಮೇಲೆ ಗಡೀಪಾರಾಗಿ ಬಂದು, ಹಾಕ್ಸ್‌ಬರಿ ನದಿತೀರದಲ್ಲಿ ಮುಖ್ಯ ಕಾನ್‌ಸ್ಟೇಬಲ್ ಆಗಿ, ಪ್ರವಾಹಗಳಲ್ಲಿ ಜನರನ್ನು ಕಾಪಾಡಿ ಹೆಸರು ಗಳಿಸಿದ್ದ ಆಂಡ್ರೂ ಥಾಂಪ್ಸನ್‌ನನ್ನು ಅವರು 1810ರ ಆರಂಭದಲ್ಲೇ ಮ್ಯಾಜಿಸ್ಟ್ರೇಟ್ ಆಗಿ ನೇಮಿಸಿದರು. ಕೈದಿಯಾಗಿ ಬಂದು ಭಾರಿ ವರ್ತಕನಾಗಿ ಬೆಳೆದಿದ್ದ ಸೈಮಿಯನ್ ಲಾರ್ಡ್‌ಗೂ ಅದೇ ವರ್ಷ ಆ ಹುದ್ದೆ ದೊರೆಯಿತು.

ಅದೇ ವರ್ಷ ಸಿಡ್ನಿ–ಪ್ಯಾರಮಟ್ಟ ರಸ್ತೆಯ ಸುಂಕದ ಉಸ್ತುವಾರಿಗೆ ಮೂವರ ಹೆಸರು ಪ್ರಕಟವಾಯಿತು: ಥಾಂಪ್ಸನ್, ಲಾರ್ಡ್ ಮತ್ತು ಹಿರಿಯ ಪಾದ್ರಿ ಸ್ಯಾಮ್ಯುಯಲ್ ಮಾರ್ಸ್‌ಡನ್. ಕೈದಿಗಳಾಗಿದ್ದವರ ಪಕ್ಕದಲ್ಲಿ ತನ್ನ ಹೆಸರನ್ನು ಕಂಡ ಮಾರ್ಸ್‌ಡನ್ ಆ ಕೆಲಸವನ್ನು ಖಡಾಖಂಡಿತವಾಗಿ ನಿರಾಕರಿಸಿದ. ಗವರ್ನರ್ ಇದನ್ನು ತನ್ನ ಅಧಿಕಾರಕ್ಕೆ ಆದ ಅವಮಾನವೆಂದೇ ಬಗೆದರು. ಅವರಿಬ್ಬರ ವೈಮನಸ್ಯ ಮೆಕ್ವಾರಿಯವರ ಆಡಳಿತ ಮುಗಿಯುವವರೆಗೂ ಆರಲಿಲ್ಲ. ರಸ್ತೆ ಸುಂಕದ ಸಮಿತಿಯಂಥ ಚಿಕ್ಕ ನೇಮಕವೂ ಯಾರು ಯಾರ ಸರಿಸಮಾನರು ಎಂಬ ಪ್ರಶ್ನೆಯನ್ನು ಹೀಗೆ ಊರ ಮುಂದೆ ಇಟ್ಟಿತು. ಗೆಜೆಟ್‌ನ ನೇಮಕದ ಪಟ್ಟಿಗಳನ್ನು ಒಣ ಪಟ್ಟಿಗಳೆಂದು ದಾಟಿ ಹೋಗುವವರು ಈ ಪ್ರಸಂಗವನ್ನು ನೆನೆಯಬೇಕು.

ಎಲ್ಲ ನೇಮಕಗಳೂ ಉಳಿಯಲಿಲ್ಲ. ದಾಖಲೆ ತಿದ್ದಿದ ಅಪರಾಧಕ್ಕೆ ಗಡೀಪಾರಾಗಿದ್ದ ಫ್ರಾನ್ಸಿಸ್ ಗ್ರೀನ್‌ವೇ 1816ರಲ್ಲಿ, ಇನ್ನೂ ಶಿಕ್ಷೆಯಲ್ಲಿರುವಾಗಲೇ, ದಿನಕ್ಕೆ 3 ಷಿಲ್ಲಿಂಗ್ ಸಂಬಳದ ಮೇಲೆ ಸರ್ಕಾರಿ ವಾಸ್ತುಶಿಲ್ಪಿಯಾದ. ಅವನ ಕಟ್ಟಡಗಳು ಸಿಡ್ನಿಯಲ್ಲಿ ಇಂದಿಗೂ ನಿಂತಿವೆ, ಆದರೆ 1822ರಲ್ಲಿ ಹೊಸ ಗವರ್ನರ್ ಅವನನ್ನು ಕೆಲಸದಿಂದ ತೆಗೆದರು. ನೌಕಾದಂಗೆಯ ಸಂಬಂಧದಲ್ಲಿ ಶಿಕ್ಷೆಗೊಳಗಾಗಿದ್ದ ವೈದ್ಯ ವಿಲಿಯಂ ರೆಡ್‌ಫರ್ನ್‌ನನ್ನು 1819ರಲ್ಲಿ ಮ್ಯಾಜಿಸ್ಟ್ರೇಟ್ ಮಾಡಿದಾಗ, ಲಂಡನ್ನಿನಿಂದ ತನಿಖೆಗೆ ಬಂದಿದ್ದ ಕಮಿಷನರ್ ಜಾನ್ ಥಾಮಸ್ ಬಿಗ್ ಅದನ್ನು ವಿರೋಧಿಸಿದ, ಲಂಡನ್ ಕೂಡ ಆ ನೇಮಕವನ್ನು ಒಪ್ಪಲಿಲ್ಲ.

ಮೂಲನಿವಾಸಿಗಳ ಬಗ್ಗೆ ಈ ಪ್ರಕಟಣೆಗಳು ಏನು ಹೇಳುತ್ತವೆ?

ಬಹಳ ಹೇಳುತ್ತವೆ, ಅದಕ್ಕಿಂತ ಹೆಚ್ಚನ್ನು ಹೇಳದೆ ಬಿಡುತ್ತವೆ. ಕೈದಿಗಳ ವಿಷಯದಲ್ಲಿ ಅಷ್ಟು ಉದಾರವಾಗಿದ್ದ ಮೆಕ್ವಾರಿಯವರೇ 1816ರ ಏಪ್ರಿಲ್‌ನಲ್ಲಿ ಮೂಲನಿವಾಸಿಗಳ ಮೇಲೆ ಸೈನ್ಯ ಕಳುಹಿಸಿದರು. ಏಪ್ರಿಲ್ 17ರಂದು ಆ್ಯಪಿನ್ ಬಳಿ ಹತ್ಯಾಕಾಂಡ ನಡೆಯಿತು. ಅದಾದ ಮೂರು ವಾರಗಳೊಳಗೆ, ಮೇ 4ರಂದು, ಒಂದು ಘೋಷಣೆ ಹೊರಬಿತ್ತು. ಯಾವ ಮೂಲನಿವಾಸಿಯೂ ಆಯುಧದೊಂದಿಗೆ ಊರು ಅಥವಾ ತೋಟದಿಂದ ಒಂದು ಮೈಲಿಯೊಳಗೆ ಬರಕೂಡದು, ಆರಕ್ಕಿಂತ ಹೆಚ್ಚು ಮಂದಿ ಗುಂಪಾಗಿ ಜಮೀನುಗಳ ಬಳಿ ಸುಳಿಯಕೂಡದು, ಸರ್ಕಾರದ ರಕ್ಷಣೆ ಬಯಸುವವರು ರಹದಾರಿ ಪತ್ರ ಪಡೆಯಬೇಕು ಎಂಬುದು ಅದರ ಸಾರ. ತಮ್ಮದೇ ನೆಲದಲ್ಲಿ ಬೇಟೆಯಾಡಿ ಬದುಕುತ್ತಿದ್ದ ಜನರಿಗೆ, ಅವರು ಓದಲಾರದ ಭಾಷೆಯಲ್ಲಿ, ಅವರ ಕೈಗೆ ಬಾರದ ಪತ್ರಿಕೆಯಲ್ಲಿ ಈ ಕಟ್ಟಳೆ ಅಚ್ಚಾಯಿತು. ಮೇಲೆ ಹೇಳಿದ ‘ಸಮರ್ಪಕ ತಿಳಿವಳಿಕೆ’ ಎಂಬ ಕಾನೂನಿನ ಮಾತು ಇಲ್ಲಿ ಪೂರ್ತಿ ಸುಳ್ಳಾಗುತ್ತದೆ.

1835ರಲ್ಲಿ ಜಾನ್ ಬ್ಯಾಟ್‌ಮನ್ ಎಂಬಾತ ಇಂದಿನ ಮೆಲ್ಬರ್ನ್ ಸುತ್ತಲಿನ ನೆಲವನ್ನು ಅಲ್ಲಿನ ಹಿರಿಯರಿಂದ ಒಪ್ಪಂದದ ಮೂಲಕ ಪಡೆದೆನೆಂದು ಹೇಳಿಕೊಂಡ. ಗವರ್ನರ್ ಬರ್ಕ್ ಆಗಸ್ಟ್ 26ರ ಘೋಷಣೆಯಲ್ಲಿ ಅದು ದೊರೆಯ ಹಕ್ಕಿನ ಎದುರು ನಿರರ್ಥಕವೆಂದೂ, ಸರ್ಕಾರದ ಅನುಮತಿಯಿಲ್ಲದೆ ಅಲ್ಲಿ ನೆಲೆಸಿದವರು ಅತಿಕ್ರಮಣಕಾರರೆಂದೂ ಸಾರಿದರು. ಬ್ಯಾಟ್‌ಮನ್‌ನ ಒಪ್ಪಂದ ನ್ಯಾಯವಾದದ್ದೆಂದು ಯಾರೂ ಹೇಳಲಾರರು. ಆದರೆ ಅದನ್ನು ರದ್ದುಗೊಳಿಸಿದ ತರ್ಕ, ನೆಲವನ್ನು ಕೊಡುವ ಹಕ್ಕೇ ಆ ನೆಲದ ಜನರಿಗಿಲ್ಲ ಎಂಬುದಾಗಿತ್ತು. ಮರುವರ್ಷ ಅಲ್ಲಿಗೆ ಕ್ಯಾಪ್ಟನ್ ವಿಲಿಯಂ ಲಾನ್ಸ್‌ಡೇಲ್ ಪೊಲೀಸ್ ಮ್ಯಾಜಿಸ್ಟ್ರೇಟ್ ಆಗಿ ನೇಮಕಗೊಂಡರು. ಅಲ್ಲಿಗೆ ಘೋಷಣೆಯ ಹಿಂದೆಯೇ ಕಚೇರಿಯೂ ಬಂದಂತಾಯಿತು.

ಇನ್ನೊಂದು ಪ್ರಸಂಗ ಪ್ರಕಟವಾಗದೆ ಉಳಿದ ಪ್ರಕಟಣೆಯದು. ಮೂಲನಿವಾಸಿಗಳಿಗೂ ಕಾನೂನಿನ ಸಮಾನ ರಕ್ಷಣೆಯಿದೆ ಎಂದು ನೆನಪಿಸುವ ಒಂದು ಪ್ರಕಟಣೆಯ ಕರಡನ್ನು ಗವರ್ನರ್ ಜಾರ್ಜ್ ಗಿಪ್ಸ್ 1838ರಲ್ಲಿ ಸಿದ್ಧಪಡಿಸಿದರು. ದಕ್ಷಿಣದಲ್ಲಿ ಬಿಳಿಯ ಕುರಿಗಾಹಿಗಳು ಕೊಲೆಯಾದ ಸುದ್ದಿ ಬಂದು ಜನ ಉದ್ರಿಕ್ತರಾದಾಗ ಅದನ್ನು ತಡೆಹಿಡಿದರು. ಅದೇ ವರ್ಷ ಜೂನ್ 10ರಂದು ಮಯಾಲ್ ಕ್ರೀಕ್‌ನಲ್ಲಿ ಕನಿಷ್ಠ 28 ಮೂಲನಿವಾಸಿಗಳನ್ನು ಕೊಲ್ಲಲಾಯಿತು. ಡಿಸೆಂಬರ್‌ನಲ್ಲಿ ಏಳು ಮಂದಿ ಅಪರಾಧಿಗಳನ್ನು ಗಲ್ಲಿಗೇರಿಸಲಾಯಿತು. ಪ್ರಕಟಣೆ ಗೆಜೆಟ್ ಸೇರಿದ್ದು 1839ರ ಮೇ ತಿಂಗಳಲ್ಲಿ. ಅದು ಮೊದಲೇ ಬಂದಿದ್ದರೆ ಆ ಜೀವಗಳು ಉಳಿಯುತ್ತಿದ್ದವು ಎನ್ನಲು ಆಧಾರವಿಲ್ಲ. ಆದರೂ ಸರ್ಕಾರ ಯಾರ ಕೋಪಕ್ಕೆ ಅಂಜಿ ಸುಮ್ಮನಿತ್ತು ಎಂಬುದನ್ನು ಆ ವಿಳಂಬ ಸ್ಪಷ್ಟವಾಗಿ ತೋರಿಸುತ್ತದೆ.

ಸಾಮಾನ್ಯ ಕೈದಿಗಳ ಹೆಸರುಗಳು ಗೆಜೆಟ್‌ನಲ್ಲಿ ಸಿಗುತ್ತವೆಯೆ?

ಸಿಗುತ್ತವೆ, ಅದೂ ವಿಪುಲವಾಗಿ. ಸರ್ಕಾರ ದುಡಿಮೆಗೆಂದು ಒಪ್ಪಿಸಿದ್ದ ಖಾಸಗಿ ಒಡೆಯನ ಬಳಿಯಿಂದ ಓಡಿಹೋದವರ ಪಟ್ಟಿಗಳಲ್ಲಿ ಹೆಸರು, ಬಂದ ಹಡಗು, ವಯಸ್ಸು, ಹುಟ್ಟಿದ ಊರು, ಕಸುಬು, ಎತ್ತರ, ಮೈಬಣ್ಣ, ಕೂದಲು ಮತ್ತು ಕಣ್ಣಿನ ಬಣ್ಣ, ಕೆನ್ನೆಯ ಮೇಲಿನ ಗಾಯದ ಕಲೆ, ತೋಳಿನ ಮೇಲಿನ ಹಚ್ಚೆಯ ಅಕ್ಷರಗಳವರೆಗೆ ವಿವರ ಇರುತ್ತಿತ್ತು. ಛಾಯಾಚಿತ್ರವಿಲ್ಲದ ಕಾಲದಲ್ಲಿ ಒಬ್ಬ ಬಡ ಕೂಲಿಯಾಳಿನ ರೂಪ ಇಷ್ಟು ಖಚಿತವಾಗಿ ದಾಖಲಾದದ್ದು ಅವನನ್ನು ಹಿಡಿಯುವ ಉದ್ದೇಶದಿಂದ ಮಾತ್ರ. ಇಂದು ಅವನ ವಂಶಸ್ಥರಿಗೆ ಅದೊಂದೇ ಚಿತ್ರ.

ಓಡಿಹೋಗದೆ ಸನ್ನಡತೆಯಿಂದ ಇದ್ದವರಿಗೆ ಟಿಕೆಟ್ ಆಫ್ ಲೀವ್ ಎಂಬ ಪತ್ರ ಸಿಗುತ್ತಿತ್ತು. ಗೊತ್ತುಪಡಿಸಿದ ಜಿಲ್ಲೆಯೊಳಗೆ ಸ್ವಂತವಾಗಿ ದುಡಿದು ಬದುಕಲು ಅದು ಅವಕಾಶ ಕೊಡುತ್ತಿತ್ತು. ಸಾಮಾನ್ಯ ನಿಯಮದಂತೆ ಏಳು ವರ್ಷದ ಶಿಕ್ಷೆಯವನಿಗೆ ನಾಲ್ಕು ವರ್ಷ, ಹದಿನಾಲ್ಕು ವರ್ಷದವನಿಗೆ ಆರು, ಜೀವಾವಧಿಯವನಿಗೆ ಎಂಟು ವರ್ಷ ಕಳೆದ ಮೇಲೆ ಅರ್ಹತೆ ಬರುತ್ತಿತ್ತು. ಪತ್ರ ಪಡೆದವರ, ಪತ್ರ ರದ್ದಾದವರ, ಶಿಕ್ಷೆ ಮುಗಿಸಿ ಬಿಡುಗಡೆ ಪತ್ರ ಪಡೆದವರ ಪಟ್ಟಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಒಬ್ಬನ ಬದುಕಿನ ಗೆರೆ ತಕ್ಕಮಟ್ಟಿಗೆ ಕಾಣುತ್ತದೆ.

ಜಮೀನು, ದನಕರುಗಳ ಪ್ರಕಟಣೆಗಳು ಯಾವ ಉಪಯೋಗಕ್ಕೆ ಬರುತ್ತವೆ?

1831ರಲ್ಲಿ ಉಚಿತ ಭೂಮಂಜೂರಾತಿ ನಿಂತು ಹರಾಜಿನ ಪದ್ಧತಿ ಬಂದಿತು. ಎಕರೆಗೆ ಕನಿಷ್ಠ ಬೆಲೆ ಮೊದಲು 5 ಷಿಲ್ಲಿಂಗ್, ಬಳಿಕ 12, 1842ರಿಂದ ಒಂದು ಪೌಂಡ್. ಹರಾಜಿನ ಪ್ರಕಟಣೆಗಳಲ್ಲಿ ಕೌಂಟಿ (ಜಿಲ್ಲೆಯಂಥ ವಿಭಾಗ), ಪ್ಯಾರಿಷ್ (ಅದರೊಳಗಿನ ಸಣ್ಣ ವಿಭಾಗ), ಎಕರೆ, ಚಕ್ಕುಬಂದಿ ಎಲ್ಲವೂ ಇರುವುದರಿಂದ ಒಂದು ಊರು ಹೇಗೆ ಬೆಳೆಯಿತೆಂದು ನಕಾಶೆಯ ಮೇಲೆ ಗುರುತಿಸಬಹುದು. ಜನ ನೆಲೆಸಬಹುದಾದ ಮೇರೆಯೆಂದು 1829ರಲ್ಲಿ ಗೊತ್ತುಪಡಿಸಿದ ಹತ್ತೊಂಬತ್ತು ಕೌಂಟಿಗಳ ಆಚೆ ಕುರಿ ಸಾಕುತ್ತಿದ್ದವರು 1836ರ ಕಾನೂನಿನ ನಂತರ ವರ್ಷಕ್ಕೆ 10 ಪೌಂಡ್ ಕೊಟ್ಟು ಪರವಾನಗಿ ಪಡೆಯಬೇಕಾಯಿತು. ಅವರ ಹೆಸರುಗಳೂ ಗೆಜೆಟ್‌ನಲ್ಲಿವೆ.

ದೊಡ್ಡಿಗೆ ಹಾಕಿದ ಬಿಡಾಡಿ ದನಗಳ ಪ್ರಕಟಣೆಗಳು ಪುಟಗಟ್ಟಲೆ ಬರುತ್ತವೆ: ಬಣ್ಣ, ಕೊಂಬಿನ ಆಕಾರ, ತೊಡೆಯ ಮೇಲೆ ಸುಟ್ಟು ಒತ್ತಿದ ಗುರುತು, ಒಡೆಯ ಬಾರದಿದ್ದರೆ ಮಾರಾಟದ ದಿನ. ಅವುಗಳನ್ನು ದಾಟಿ ಹೋಗಬಹುದು, ಆದರೆ ಆ ಗುರುತುಗಳಲ್ಲಿ ಒಡೆಯರ ಹೆಸರಿನ ಮೊದಲಕ್ಷರಗಳಿರುವುದರಿಂದ ಯಾವ ಸೀಮೆಯಲ್ಲಿ ಯಾರ ದನಗಳು ಮೇಯುತ್ತಿದ್ದವು ಎಂಬುದಕ್ಕೆ ಸುಳಿವು ಸಿಗುತ್ತದೆ.

ಹೆಂಗಸರ ಹೆಸರುಗಳು ಕಾಣಿಸುತ್ತವೆಯೆ?

ವಿರಳವಾಗಿ. ಹೆಂಡದಂಗಡಿ ಪರವಾನಗಿಗಳಲ್ಲಿ ವಿಧವೆಯರ ಹೆಸರು, ಪ್ಯಾರಮಟ್ಟದ ಹೆಣ್ಣು ಕೈದಿಗಳ ಕಾರ್ಖಾನೆಯ ಮೇಲ್ವಿಚಾರಕಿಯಂಥ ಕೆಲವೇ ಹುದ್ದೆಗಳು, ಓಡಿಹೋದ ಹೆಣ್ಣು ಕೈದಿಗಳ ಪಟ್ಟಿ, ಅಂಚೆಕಚೇರಿಯಲ್ಲಿ ಉಳಿದ ಪತ್ರಗಳ ಪಟ್ಟಿ: ಹುಡುಕಬೇಕಾದ ಜಾಗಗಳು ಮುಖ್ಯವಾಗಿ ಇವು.

ಚಿನ್ನ ಸಿಕ್ಕಾಗ ಸರ್ಕಾರ ಹೇಗೆ ನಡೆದುಕೊಂಡಿತು?

ಅಚ್ಚರಿಯ ವೇಗದಲ್ಲಿ. ಎಡ್ವರ್ಡ್ ಹಾರ್ಗ್ರೇವ್ಸ್ ಕಂಡ ಚಿನ್ನದ ಸುದ್ದಿ 1851ರ ಮೇ ತಿಂಗಳಲ್ಲಿ ಹಬ್ಬಿ ಜನ ಬಾಥರ್ಸ್ಟ್ ಕಡೆಗೆ ಹೊರಟ ಕೂಡಲೇ, ಗವರ್ನರ್ ಚಾರ್ಲ್ಸ್ ಫಿಟ್ಜ್‌ರಾಯ್ ಮೇ 22ರ ಘೋಷಣೆಯಲ್ಲಿ ನೆಲದ ಚಿನ್ನವೆಲ್ಲ ದೊರೆಯ ಸ್ವತ್ತೆಂದು ಸಾರಿದರು. ತಿಂಗಳಿಗೆ 30 ಷಿಲ್ಲಿಂಗ್ ಪರವಾನಗಿಯ ನಿಯಮವೂ, ಜಾನ್ ಹಾರ್ಡಿ ಅವರ ಕಮಿಷನರ್ ನೇಮಕವೂ ಅದರ ಬೆನ್ನಿಗೇ ಬಂದವು. ಹಕ್ಕಿನ ಘೋಷಣೆ, ಶುಲ್ಕದ ನಿಯಮ, ವಸೂಲಿಗೆ ಅಧಿಕಾರಿ ಎಂಬ ಮೂರನ್ನೂ ಇಷ್ಟು ಬೇಗ ಹೊಂದಿಸಿದ್ದು ವಸಾಹತು ಕಾರ್ಯದರ್ಶಿ ಡೀಸ್ ಥಾಮ್ಸನ್ ಅವರ ಕಚೇರಿಯ ಅನುಭವಕ್ಕೆ ಸಾಕ್ಷಿ.

ಕನ್ನಡ ನಾಡಿಗೂ ಈ ವಸಾಹತಿಗೂ ಸಂಬಂಧವಿದೆಯೆ?

ಒಂದು ನೇರ ಸಂಬಂಧವಿದೆ. ಗವರ್ನರ್ ಆಗುವ ಮುನ್ನ ಮೆಕ್ವಾರಿ ಬಾಂಬೆ ಸೈನ್ಯದ ಅಧಿಕಾರಿಯಾಗಿದ್ದು, ಟಿಪ್ಪು ಸುಲ್ತಾನನ ವಿರುದ್ಧದ ಯುದ್ಧಗಳಲ್ಲಿ ಭಾಗವಹಿಸಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವರು ಅಲ್ಲಿದ್ದರು. ಸಿಡ್ನಿಯಲ್ಲಿ ಘೋಷಣೆಗಳಿಗೆ ಸಹಿ ಹಾಕಿದ ಕೈ ನಮ್ಮ ಕಾವೇರಿಯ ದಂಡೆಯ ಮುತ್ತಿಗೆಯಲ್ಲೂ ಇತ್ತೆಂಬುದು ಬ್ರಿಟಿಷ್ ಸಾಮ್ರಾಜ್ಯದ ನೌಕರರು ಎಷ್ಟು ದೂರ ಸಂಚರಿಸಿದರೆಂಬುದನ್ನು ತಿಳಿಸುತ್ತದೆ.

ಜವಾಬ್ದಾರಿ ಸರ್ಕಾರ ಬಂದ ಮೇಲೆ ನೇಮಕಗಳ ಸ್ವರೂಪ ಬದಲಾಯಿತೆ?

ಬದಲಾಯಿತು. 1824ರ ಶಾಸನಮಂಡಳಿಯಲ್ಲಿ ಇದ್ದವರು ನೇಮಕಗೊಂಡ ಐವರು ಮಾತ್ರ. 1842ರ ಕಾಯಿದೆಯಂತೆ 36 ಸದಸ್ಯರಲ್ಲಿ 24 ಮಂದಿ ಚುನಾಯಿತರಾದರು. 1856ರಲ್ಲಿ ಸ್ಟುವರ್ಟ್ ಡೊನಾಲ್ಡ್‌ಸನ್ ನೇತೃತ್ವದ ಮೊದಲ ಮಂತ್ರಿಮಂಡಲ ರಚನೆಯಾದ ಬಳಿಕವೂ ಪ್ರಕಟಣೆಗಳು ಗವರ್ನರರ ಹೆಸರಿನಲ್ಲೇ ಹೊರಟವು, ಆದರೆ ಆಯ್ಕೆ ಮಾಡುವವರು ಶಾಸನಸಭೆಗೆ ಉತ್ತರ ಕೊಡಬೇಕಾದ ಮಂತ್ರಿಗಳಾದರು.

ಈ ಗೆಜೆಟ್‌ಗಳನ್ನು ಎಲ್ಲಿ ಓದಬಹುದು? ಹುಡುಕುವುದು ಹೇಗೆ?

ಆಸ್ಟ್ರೇಲಿಯಾದ ರಾಷ್ಟ್ರೀಯ ಗ್ರಂಥಾಲಯದ ‘ಟ್ರೋವ್’ ಜಾಲತಾಣದಲ್ಲಿ ಸಿಡ್ನಿ ಗೆಜೆಟ್ ಮತ್ತು ಗವರ್ನಮೆಂಟ್ ಗೆಜೆಟ್ ಎರಡೂ ಉಚಿತವಾಗಿ ಲಭ್ಯವಿವೆ. ಹುಡುಕುವ ಮುನ್ನ ಗಡಿಗಳನ್ನು ಗಮನಿಸಬೇಕು: ನ್ಯೂಜಿಲೆಂಡ್ 1840ರಿಂದ 1841ರವರೆಗೆ ಈ ವಸಾಹತಿನ ಅಧೀನದಲ್ಲಿತ್ತು, ವಿಕ್ಟೋರಿಯಾ 1851ರ ಜುಲೈ 1ರಂದು, ಕ್ವೀನ್ಸ್‌ಲೆಂಡ್ 1859ರ ಡಿಸೆಂಬರ್‌ನಲ್ಲಿ ಬೇರ್ಪಟ್ಟವು. 1840ರ ದಶಕದ ಮೆಲ್ಬರ್ನ್ ಅಥವಾ ಬ್ರಿಸ್ಬೇನ್‌ನ ನೇಮಕವನ್ನು ಸಿಡ್ನಿಯ ಗೆಜೆಟ್‌ನಲ್ಲೇ ನೋಡಬೇಕು.

ಯಂತ್ರ ಓದಿದ ಪಠ್ಯದಲ್ಲಿ ಮಾಸಿದ ಅಕ್ಷರಗಳು ತಪ್ಪಾಗಿ ದಾಖಲಾಗಿರುವುದರಿಂದ, ಹೆಸರು ಸಿಗದಿದ್ದರೆ ಹಡಗಿನ ಹೆಸರಿನಿಂದ, ಹುದ್ದೆಯಿಂದ ಅಥವಾ ಊರಿನಿಂದ ಹುಡುಕಿ ನೋಡಿ. ಸಿಕ್ಕ ಮೇಲೆ ಪಕ್ಕದ ಪಠ್ಯವನ್ನು ನೆಚ್ಚದೆ ಪುಟದ ಚಿತ್ರವನ್ನೇ ತೆರೆದು ಓದಿ, ನೇಮಕವಾದ ಸಂಚಿಕೆಯ ಜೊತೆಗೆ ಮುಂದಿನ ಒಂದೂವರೆ ವರ್ಷದ ಸಂಚಿಕೆಗಳನ್ನೂ ತಿರುವಿಹಾಕಿ. ಲಂಡನ್ನಿನ ಒಪ್ಪಿಗೆಯೋ ನಿರಾಕರಣೆಯೋ ಅಷ್ಟರೊಳಗೆ ಅಚ್ಚಾಗಿರುವ ಸಂಭವ ಹೆಚ್ಚು.